ಬಂದವರಷ್ಟೇ ಬದಲಾದರೆ ಸಾಲದು

ವಿದ್ಯಾನಗರ, ದಾವಣಗೆರೆ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಈಗ ಎಷ್ಟೋ ವಾಸಿ.

ಜರ್ಮನಿಯ ಕಂಪನಿಯೊಂದರ ಪ್ರಾಜೆಕ್ಟ್ ತಂಡಗಳಿಗೆ ಹೊರದೇಶದ ಎಂಜಿನಿಯರುಗಳನ್ನು ಹೊಂದಿಸಿಕೊಡುವ ಸಲಹೆಯ ಕೆಲಸ ನಿನ್ನ ಪಾಲಿಗೆ ಬಂದದ್ದು ತಿಳಿದು ಮನಸ್ಸು ತುಂಬಿತು. ನೀನು ಕಳಿಸಿದ ಕರಡನ್ನು ನಿಧಾನವಾಗಿ ಓದಿದೆ. ಬರುವವರಿಗೆ ಭಾಷೆಯ ತರಗತಿ ಇದೆ, ರೀತಿ ರಿವಾಜು ಕಲಿಸುವುದಿದೆ, ಸಮಯಪಾಲನೆಯ ಪಾಠವಿದೆ. ಮೊದಲಿನಿಂದ ಅಲ್ಲಿ ಕೂತಿರುವ ತಂಡಕ್ಕೆ ಮಾತ್ರ ಏನೂ ಇಲ್ಲ. ನನಗೆ ಕಳವಳವಾದದ್ದು ಇಲ್ಲೇ. ಸೇರಿಸಿಕೊಳ್ಳುವವರಿಗೆ ಕೆಲಸ ಕೊಡದೆ ಸೇರುವವರ ಮೇಲೆ ಎಲ್ಲ ಭಾರ ಹಾಕಿದರೆ ನಿನ್ನ ಯೋಜನೆ ಉಳಿಯುವುದಿಲ್ಲ, ಮಗಳೇ.

ರೀತಿ ರಿವಾಜಿಗಿಂತ ಮುಂಚೆ ಲೆಕ್ಕದ ಕಾಗದ ಹಿಡಿ. ಇಲ್ಲಿಂದ ಹೋಗುವ ನಮ್ಮ ಹುಡುಗ ಐಎಸ್ 456, ಅಂದರೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ, ಓದಿಕೊಂಡು ಹೋಗಿರುತ್ತಾನೆ. ಅವನಿಗೆ ಕಾಂಕ್ರೀಟಿನ ಬಲವೆಂದರೆ 150 ಮಿ.ಮೀ. ಘನವನ್ನು 28ನೇ ದಿನ ಒಡೆದು ನೋಡಿದ ಬಲ. ಯುರೋಪಿನ ಮಾನದಂಡವಾದ ಯುರೋಕೋಡ್ ಲೆಕ್ಕ ಹಾಕುವುದು ಸಿಲಿಂಡರಿನ ಬಲದಿಂದ. ಅಲ್ಲಿ ಸಿ25/30 ಎಂದು ಬರೆದಿದ್ದರೆ ಒಂದೇ ಕಾಂಕ್ರೀಟಿನ ಬಲ ಸಿಲಿಂಡರಿಗೆ 25, ಘನಕ್ಕೆ 30. ಎರಡೂ ಕಡೆ ಈ ಬಲಕ್ಕೆ ಬರೆಯುವ ಸಂಕೇತ ಒಂದೇ, ಎಫ್‌ಸಿಕೆ. ಘನದ ಬಲ 30 ಇರುವುದನ್ನು ಎಂ30 ಎನ್ನುವ ನಮ್ಮ ಅಭ್ಯಾಸದಲ್ಲಿ ಅಲ್ಲಿನ ಸೂತ್ರಕ್ಕೆ 30 ಹಾಕಿಬಿಟ್ಟರೆ, ಇಲ್ಲದ ಬಲ ಇದೆಯೆಂದು ತೊಲೆ ಲೆಕ್ಕವಾಗುತ್ತದೆ. ಇನ್ನು ಜರ್ಮನಿಯಲ್ಲಿ ದಶಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ. ಅವರ 1,500 ಅಂದರೆ ಒಂದೂವರೆ, ನಾವು ಓದುವುದು ಸಾವಿರದ ಐನೂರು. ಇದು ಹುಡುಗನ ದಡ್ಡತನವಲ್ಲ. ಇಂಥವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೊದಲ ದಿನವೇ ಅವನ ಕೈಗೆ ಕೊಡುವುದು ತಂಡದ ಹೊಣೆ. ಆ ಹಾಳೆಯನ್ನು ಹಳಬರಿಂದಲೇ ಬರೆಸು. ಬರೆಯಲು ಕೂತಾಗಲೇ ತಾವು ಎಷ್ಟೆಲ್ಲವನ್ನು ಹೇಳದೆ ಬಿಟ್ಟಿದ್ದೇವೆ ಎಂದು ಅವರಿಗೂ ಗೊತ್ತಾಗುತ್ತದೆ.

ಲೌಫೆನ್‌ಬರ್ಗ್ ಸೇತುವೆಯ ಕಥೆಯನ್ನು ಅವರ ಮುಂದೆ ಹೇಳು. ರೈನ್ ನದಿಯ ಒಂದು ದಡ ಜರ್ಮನಿ, ಇನ್ನೊಂದು ಸ್ವಿಟ್ಜರ್‌ಲೆಂಡ್. ಒಬ್ಬರು ಎತ್ತರ ಅಳೆಯುವುದು ಉತ್ತರ ಸಮುದ್ರದ ಮಟ್ಟದಿಂದ, ಇನ್ನೊಬ್ಬರು ಮೆಡಿಟರೇನಿಯನ್ ಮಟ್ಟದಿಂದ. 27 ಸೆಂ.ಮೀ. ವ್ಯತ್ಯಾಸವಿದೆ ಎಂದು ಎರಡೂ ಕಡೆ ಗೊತ್ತಿತ್ತು. ಅದನ್ನು ಸರಿಪಡಿಸುವಾಗ ಕೂಡುವುದು ಕಳೆಯುವುದು ಅದಲುಬದಲಾದದ್ದರಿಂದ 2003ರಲ್ಲಿ ಸೇತುವೆಯ ಎರಡು ಕಡೆಯ ಎತ್ತರದ ನಡುವೆ ಅದು 54 ಸೆಂ.ಮೀ. ಆಗಿ ಎದುರು ನಿಂತಿತು. ಅಕ್ಕಪಕ್ಕದ ದೇಶದವರು, ಆಡುವ ಭಾಷೆಯೂ ಒಂದೇ, ಆದರೂ ಹೀಗಾಯಿತು.

ಇನ್ನು ಮಾತಿನ ವಿಚಾರ. ಚಿತ್ರದುರ್ಗದ ಗುಡ್ಡದ ಮೇಲೆ ವಿಂಡ್‌ಮಿಲ್ ಬುನಾದಿಯ ಕೆಲಸದಲ್ಲಿದ್ದಾಗ ಯುರೋಪಿನ ಎಂಜಿನಿಯರ್ ಒಬ್ಬರು ಬಂದಿದ್ದರು. ಆ ಬುನಾದಿಗೆ ಕಾಂಕ್ರೀಟ್ ನಡುವೆ ನಿಲ್ಲದ ಹಾಗೆ ಒಂದೇ ಸಮ ಹಾಕಬೇಕು. ಹಿಂದಿನ ಸಂಜೆ ಮೀಟಿಂಗಿನಲ್ಲಿ ಅವರು, ನಾಳೆಗೆ ಎಲ್ಲ ರೆಡಿ ತಾನೇ ಎಂದರು. ಎಲ್ಲರೂ ತಲೆಯಾಡಿಸಿದರು. ಆಮೇಲೆ ಚಹಾ ಕುಡಿಯುವಾಗ ಮೇಸ್ತ್ರಿ ನನ್ನ ಹತ್ತಿರ ಬಂದು, ಮಳೆಗೆ ಕೊನೆಯ ಏರು ಕೆಸರಾಗಿದೆ, ತುಂಬಿದ ಮಿಕ್ಸರ್ ಲಾರಿ ಹತ್ತೋದು ಕಷ್ಟ ಸಾರ್ ಎಂದ. ಸಾಹೇಬರ ಮುಂದೆ ಆಗಲ್ಲ ಅನ್ನಲು ಅವನಿಗೆ ಬಾಯಿ ಬಂದಿರಲಿಲ್ಲ. ನಾನು ಹೋಗಿ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಆ ಏರಿಗೆ ಜಲ್ಲಿ ಹಾಕಿಸಿದರು. ಅಂದಿನಿಂದ ರೆಡಿನಾ ಎಂದು ಕೇಳುವುದನ್ನೇ ಬಿಟ್ಟು, ಮೇಸ್ತ್ರಿಯೊಬ್ಬನ ಪಕ್ಕದಲ್ಲೇ ನಿಂತು ‘ನಾಳೆ ಕೆಲಸ ನಿಂತರೆ ಯಾವುದರಿಂದ ನಿಲ್ಲುತ್ತೆ?’ ಎಂದು ಕೇಳತೊಡಗಿದರು. ಆ ಪ್ರಶ್ನೆಗೆ ತೊಂದರೆ ಹೇಳಿದವನೇ ಜಾಣ. ಅಲ್ಲಿನ ಟೀಮ್ ಲೀಡರುಗಳಿಗೆ ಹೀಗೆ ಕೇಳುವುದನ್ನು ಅಭ್ಯಾಸ ಮಾಡಿಸು. ಹುಡುಗರಿಗೆ ಧೈರ್ಯದ ಪಾಠ ಹೇಳುವುದಕ್ಕಿಂತ ಬೇಗ ಫಲ ಕಾಣುತ್ತದೆ.

ದೇಶ ದೇಶದ ನಡವಳಿಕೆಯನ್ನು ಅಂಕಿಯಲ್ಲಿ ಹೇಳಿದ ಸಂಶೋಧಕ ಹಾಫ್‌ಸ್ಟೆಡ್ ಅವರ ಅಂಕಿಗಳನ್ನು ಕರಡಿನಲ್ಲಿ ದೊಡ್ಡದಾಗಿ ಹಾಕಿದ್ದೀಯ: ಮೇಲಧಿಕಾರಿಗೆ ತಗ್ಗಿ ನಡೆಯುವುದರಲ್ಲಿ ಭಾರತಕ್ಕೆ 77, ಜರ್ಮನಿಗೆ 35. ಅವು ಒಂದೇ ಕಂಪನಿಯ, ಐಬಿಎಂ ನೌಕರರ, ಉತ್ತರಗಳಿಂದ ಶುರುವಾದ ಲೆಕ್ಕ. ಎಷ್ಟೋ ದಶಕ ಹಳೆಯದು. ದೇಶದ ಸರಾಸರಿಯನ್ನು ಹಿಡಿದು ಎದುರಿಗೆ ಕೂತ ಒಬ್ಬ ಮನುಷ್ಯನನ್ನು ಅಳೆಯಬೇಡ. ಆ ಪುಟ ತೆಗೆದರೂ ನಷ್ಟವಿಲ್ಲ.

ಹೊಸಬನ ಜೊತೆಗೆ ಒಬ್ಬ ಹಿರಿಯ ಎಂದು ಬರೆದಿದ್ದೀಯ, ಒಳ್ಳೆಯದು. ಆದರೆ ಆ ಹಿರಿಯನ ಸಮಯ ಎಲ್ಲಿಂದ ಬರುತ್ತದೆ? ಪ್ರಾಜೆಕ್ಟ್ ಷೆಡ್ಯೂಲಿನಲ್ಲಿ ವಾರಕ್ಕೆ ಇಷ್ಟು ಗಂಟೆ ಎಂದು ಬರೆದು, ಅಷ್ಟರ ಮಟ್ಟಿಗೆ ಅವನ ಬೇರೆ ಕೆಲಸ ಇಳಿಸದಿದ್ದರೆ, ಅವನು ಮೊದಲ ವಾರ ನಗುತ್ತಾನೆ, ಮೂರನೇ ವಾರ ಮುಖ ತಪ್ಪಿಸುತ್ತಾನೆ. ಹಾಗೆಯೇ, ಜರ್ಮನಿಯಲ್ಲಿ ಎಂಜಿನಿಯರ್ ಎಂಬ ಪದವಿನಾಮಕ್ಕೆ ಅಲ್ಲಿನ ರಾಜ್ಯಗಳ ಕಾನೂನಿನ ರಕ್ಷಣೆ ಇದೆ. ನಮ್ಮ ಹುಡುಗರ ಡಿಗ್ರಿಗೆ ಮಾನ್ಯತೆ ಪಡೆಯುವ ಓಡಾಟವನ್ನು ಕಂಪನಿಯೇ ವಹಿಸಿಕೊಳ್ಳಲಿ.

ಕೊನೆಯದಾಗಿ ಒಂದು ಮಾತು, ಇದನ್ನು ಬಿಡಬೇಡ ತಾಯಿ. ಬಂದವರು ನಿನ್ನನ್ನು ನಮ್ಮವಳು ಎಂದು ನಂಬಿ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಯಾರು ಏನೆಂದರು ಎಂದು ಮ್ಯಾನೇಜರುಗಳು ನಿನ್ನನ್ನೇ ಕೇಳುತ್ತಾರೆ, ಯಾಕೆಂದರೆ ನಿನಗೆ ಹಣ ಕೊಡುವವರು ಅವರು. ಒಬ್ಬನ ಹೆಸರು ಹೊರಬಿದ್ದರೂ ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ, ಅವನ ನೌಕರಿಗೂ ಕುತ್ತು. ತೊಂದರೆಯನ್ನು ತಿಳಿಸುತ್ತೇನೆ, ಹೇಳಿದವರ ಹೆಸರು ತಿಳಿಸುವುದಿಲ್ಲ ಎಂಬ ಷರತ್ತು ಕರಾರಿನಲ್ಲೇ ಇರಲಿ. ಇನ್ನೂ ಸಹಿ ಆಗಿಲ್ಲ ಎಂದಿದ್ದೀಯಲ್ಲ, ಈ ವಾರವೇ ಸೇರಿಸಿ ಕಳಿಸು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ