ಕಟ್ಟದ ನೀರು, ಪಂಪಿನ ಕರೆಂಟು

ಮಾನ್ಯರೇ,

ಮಳೆ ಹಿಂದೆ ಸರಿದು ನಮ್ಮ ಹೊಳೆ, ತೋಡುಗಳಿಗೆ ಕಟ್ಟ (ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಹಾಕುವ ಕಾಲ ಬರುತ್ತಿದೆ. ನೀರು ನಿಂತೊಡನೆ ದಡದಲ್ಲಿ ಅಡಿಕೆ ತೋಟದ ಪಂಪುಗಳು ಸಾಲಾಗಿ ಕೂರುತ್ತವೆ. ಮಕ್ಕಳು ಈಜಲು ಇಳಿಯುವುದೂ ಅದೇ ನೀರಿಗೆ. ದೋಣಿ ಕಡವುಗಳಿಗೂ ಕಬ್ಬಿಣದ ಏಣಿ, ದೀಪದ ಕಂಬ ಬರುತ್ತಿವೆ.

ಈ ಪಂಪು, ದೀಪಗಳ ಕರೆಂಟು ನೀರಿಗೆ ಸೋರಿದರೆ ಈಜುವವರ ಜೀವಕ್ಕೇ ಅಪಾಯ. ಉಪ್ಪುನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುವುದರಿಂದ ಅಪಾಯ ಅಳಿವೆಯ ಕಡೆಗೇ ಹೆಚ್ಚು ಎಂದು ಹಲವರ ಎಣಿಕೆ. ಈಜುವವನ ಮಟ್ಟಿಗೆ ಇದು ತಿರುಗುಮುರುಗು. ಉಪ್ಪುನೀರು ಮೈಗಿಂತ ಒಳ್ಳೆಯ ವಾಹಕವಾದ್ದರಿಂದ ಕರೆಂಟಿನ ಹೆಚ್ಚಿನ ಪಾಲು ಸುತ್ತಲಿನ ನೀರಿನಲ್ಲೇ ಹೋಗುತ್ತದೆ. ಸಿಹಿನೀರಿಗೆ ಹೋಲಿಸಿದರೆ ಮೈಯೇ ಒಳ್ಳೆಯ ವಾಹಕ. 15–20 ಮಿಲಿಆಂಪಿಯರ್ ಹೊಕ್ಕರೂ ಕೈಕಾಲು ಸೆಟೆದುಕೊಂಡು ನುರಿತ ಈಜುಗಾರನೂ ಮುಳುಗುತ್ತಾನೆ. ಮೈಮೇಲೆ ಸುಟ್ಟ ಗುರುತು ಇರುವುದು ಅಪರೂಪ, ಹಾಗಾಗಿ ಕಾರಣ ಗೊತ್ತಾಗದೆ ಹೋಗುವುದೂ ಉಂಟು.

‘ನಮ್ಮ ಪಂಪಿಗೆ ಅರ್ತ್ ಇದೆ’ ಎಂಬ ಧೈರ್ಯ ಸಾಲದು. ಒಣಗಿದ ಮುರಕಲ್ಲಿನ ನೆಲದಲ್ಲಿ ಅರ್ತ್‌ನ ರೋಧ 25 ಓಮ್ ಇದೆಯೆನ್ನಿ. ಮೋಟರಿನೊಳಗಿನ ತಂತಿಸುರುಳಿ (ವೈಂಡಿಂಗ್) ಬಾಡಿಗೆ ತಾಗಿದರೆ 230 ವೋಲ್ಟಿಗೆ ನೆಲಕ್ಕೆ ಹರಿಯುವುದು ಸುಮಾರು 9 ಆಂಪಿಯರ್. ಮಿತಿ ಮೀರಿದ ಕರೆಂಟು ಹರಿದರಷ್ಟೇ ಲೈನು ಕಡಿಯುವ 16 ಆಂಪಿಯರಿನ ಎಂಸಿಬಿ ಸ್ವಿಚ್ಚಿಗೆ ಅದು ಮಾಮೂಲು ಲೋಡು, ಲೈನು ಕಡಿಯುವುದೇ ಇಲ್ಲ. ಬಾಡಿ, ಕಬ್ಬಿಣದ ಪೈಪು, ಅದು ಮುಳುಗಿರುವ ನೀರು ಎಲ್ಲದರಲ್ಲೂ ಕರೆಂಟು.

ಬೇಕಾದದ್ದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಅಷ್ಟು ಕರೆಂಟು ನೆಲಕ್ಕೋ ನೀರಿಗೋ ಸೋರಿದೊಡನೆ ಲೈನು ಕಡಿಯುವ ಸ್ವಿಚ್ಚು. ಅಂಗಡಿಯಲ್ಲಿ ಇಎಲ್‌ಸಿಬಿ ಎಂದರೂ ಅದನ್ನೇ ಕೊಡುತ್ತಾರೆ. 100, 300ರವು ಬೆಂಕಿ ತಡೆಗೆ ಸರಿ, ಜೀವಕ್ಕಲ್ಲ. 30ರದ್ದನ್ನು ದಡದಲ್ಲಲ್ಲ, ಲೈನು ಹೊರಡುವಲ್ಲೇ ಕೂರಿಸಬೇಕು. ಆಗ ತೋಟದುದ್ದಕ್ಕೂ ಎಳೆದ ಕೇಬಲಿಗೂ ಕಾವಲು ಸಿಗುತ್ತದೆ. ಎಂಸಿಬಿ ಬೇರೆಯೇ ಇರಲಿ. ತ್ರೀಫೇಸಿಗೆ ನಾಲ್ಕು ಪೋಲಿನ ಆರ್‌ಸಿಸಿಬಿ ಹಾಕಿ, ನ್ಯೂಟ್ರಲನ್ನೂ ಕೊಡಿ. ಅದಿಲ್ಲದೆ ಎಷ್ಟೋ ಮಾದರಿಗಳಲ್ಲಿ ಟೆಸ್ಟ್ ಬಟನ್ ಕೆಲಸ ಮಾಡದು. ಆ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ.

ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನೇ ಬೈಪಾಸ್ ಮಾಡುವುದು ಇಲ್ಲಿನ ದೊಡ್ಡ ರೋಗ. ಟ್ರಿಪ್ ಆಗುವುದಕ್ಕೆ ಕಾರಣವಿರುತ್ತದೆ: ಆಚೆ ಎಲ್ಲೋ ನ್ಯೂಟ್ರಲ್ ಅರ್ತಿಗೆ ಸೇರಿರುತ್ತದೆ, ಇಲ್ಲವೇ ಪಿವಿಸಿ ಟೇಪು ಸುತ್ತಿದ ಜಾಯಿಂಟು ನೀರಿನೊಳಗಿರುತ್ತದೆ. ಲೈನು ಬಿಚ್ಚಿ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರು) ಹಿಡಿದರೆ ಒಂದು ಮೆಗಾಓಮಿಗಿಂತ ಕಡಿಮೆ ತೋರಿಸುವ ಕೇಬಲ್, ಮೋಟರುಗಳನ್ನು ರಿಪೇರಿಯಾಗದೆ ಮತ್ತೆ ಜೋಡಿಸಬಾರದು.

ಆರ್‌ಸಿಸಿಬಿ ಇದ್ದರೂ ಪಂಪು ಓಡುವಾಗ ಹತ್ತಿರದಲ್ಲಿ ಈಜು ಬೇಡ. ಕಡವಿನ ಮೆಟ್ಟಿಲು, ಏಣಿಯ ಬಳಿ 230 ವೋಲ್ಟಿನ ದೀಪದ ಬದಲು 12 ವೋಲ್ಟಿನದ್ದನ್ನು ಪಂಚಾಯತ್ ಹಾಕಿಸಲಿ, ಟ್ರಾನ್ಸ್‌ಫಾರ್ಮರು ನೀರಿನಿಂದ ದೂರ ಮೇಲೆ ಇರಲಿ. ನೀರಿನಲ್ಲಿ ಮೈ ಜುಮ್ಮೆಂದರೆ ಏಣಿ ಹಿಡಿಯದೆ ಬಂದ ದಾರಿಯಲ್ಲೇ ಹಿಂದಕ್ಕೆ ಈಜಬೇಕು. ಯಾರಾದರೂ ಸೆಟೆದುಕೊಂಡದ್ದು ಕಂಡರೆ ಹಾರಬೇಡಿ, ಹಾರಿದವರೂ ಸಾಯುತ್ತಾರೆ. ಮೊದಲು ಮೈನ್ ಸ್ವಿಚ್ ಆಫ್ ಮಾಡಿ, ಆಮೇಲೆ ಒಣ ಹಗ್ಗವನ್ನೋ ಗಾಳಿ ತುಂಬಿದ ಟ್ಯೂಬನ್ನೋ ಎಸೆಯಿರಿ. ಹಸಿ ಅಡಿಕೆ ಸಲಾಕೆ ಚಾಚಬೇಡಿ, ಅದರಲ್ಲೂ ಕರೆಂಟು ಹರಿಯುತ್ತದೆ. ಮೈನ್ ಯಾವ ಶೆಡ್ಡಿನಲ್ಲಿದೆ ಎಂದು ಕಟ್ಟದ ಬಳಿ ಬರೆದು ತೂಗುಹಾಕುವ ಕೆಲಸ ಕಟ್ಟ ಹಾಕುವ ದಿನವೇ ಆಗಲಿ.

– ಪರವಾನಗಿ ಪಡೆದ ವೈರ್‌ಮನ್‌ಗಳು, ಬದಿಯಡ್ಕ