ಉಪಗ್ರಹದ ನಿವೃತ್ತಿಗೂ ನಾಲ್ಕು ಸಾಲು ಕೊಡಿ

ಮಾನ್ಯರೇ,

ಸಂಪರ್ಕ ಉಪಗ್ರಹ ಉಡಾವಣೆಯಾದಾಗಲೆಲ್ಲ ಮುಖಪುಟದಲ್ಲಿ ರಾಕೆಟ್ಟಿನ ಚಿತ್ರ ಬರುತ್ತದೆ, ವರದಿಯ ಕೊನೆಗೆ ‘ಇದರ ಆಯಸ್ಸು 15 ವರ್ಷ’ ಎಂಬ ಸಾಲು ಇರುತ್ತದೆ. ಹಾಗಾದರೆ ಹದಿನಾರನೇ ವರ್ಷ ಅದು ಎಲ್ಲಿ ಬೀಳುತ್ತದೆ ಎಂದು ತರಗತಿಯಲ್ಲಿ ಹುಡುಗರು ನನ್ನನ್ನು ಕೇಳುತ್ತಿದ್ದರು. ತಪ್ಪು ಅವರದಲ್ಲ, ಆಯಸ್ಸು ಮುಗಿದ ಮೇಲಿನ ಕಥೆಯನ್ನು ಅವರು ಎಲ್ಲಿಯೂ ಓದಿರಲಿಲ್ಲ.

ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಸುತ್ತುತ್ತ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಇಂಥ ಭೂಸ್ಥಿರ ಉಪಗ್ರಹ ಬೀಳುವುದಿಲ್ಲ. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಅದನ್ನು ತಡೆಯಲು ಗಾಳಿಯೇ ಇಲ್ಲ. ಆದರೆ ಸೂರ್ಯ, ಚಂದ್ರರು ಅದನ್ನು ಸದಾ ಜಗ್ಗುತ್ತಿರುತ್ತಾರೆ. ಆಗಾಗ ಸ್ವಲ್ಪ ಇಂಧನ ಉರಿಸಿ ಸ್ವಸ್ಥಾನಕ್ಕೆ ತರದಿದ್ದರೆ ನಮ್ಮ ಛಾವಣಿಯ ಡಿಶ್‌ಗೆ ಅದು ಸಿಗುವುದಿಲ್ಲ. ಆ ಇಂಧನ ಎಷ್ಟು ವರ್ಷಕ್ಕೆ ಸಾಲುತ್ತದೆ ಎಂಬ ಅಂದಾಜಿನ ಮೇಲೆಯೇ ಆಯಸ್ಸಿನ ಲೆಕ್ಕ ಬಹುಮಟ್ಟಿಗೆ ನಿಂತಿದೆ. ಅಡುಗೆಮನೆಯ ಗ್ಯಾಸ್ ಸಿಲಿಂಡರನ್ನಾದರೂ ಅಲ್ಲಾಡಿಸಿ ನೋಡಬಹುದು. ಅಲ್ಲಿ ತೂಕವೇ ಇಲ್ಲದ್ದರಿಂದ, ಇದುವರೆಗೆ ಎಷ್ಟು ಉರಿಸಿದೆವು, ಟ್ಯಾಂಕಿನ ಒತ್ತಡ ಎಷ್ಟಿದೆ ಎಂದು ಕೂಡಿ ಕಳೆದು ಉಳಿಕೆಯನ್ನು ಊಹಿಸಬೇಕು.

ಇನ್ಸಾಟ್-4ಬಿ ಉಪಗ್ರಹವನ್ನೇ ನೋಡಿ. 2007ರ ಮಾರ್ಚ್‌ನಲ್ಲಿ ಫ್ರೆಂಚ್ ಗಯಾನಾದಿಂದ ಏರಿಯಾನ್ ರಾಕೆಟ್ ಅದನ್ನು ಹೊತ್ತೊಯ್ದಿತು. ನಿಗದಿಯಾಗಿದ್ದ ಆಯಸ್ಸು 12 ವರ್ಷ. 2010ರ ಜುಲೈನಲ್ಲಿ ಸೌರಫಲಕದ ಕಡೆಯಿಂದ ವಿದ್ಯುತ್ ಕಡಿಮೆಯಾಗಿ ಸುಮಾರು ಅರ್ಧದಷ್ಟು ಟ್ರಾನ್ಸ್‌ಪಾಂಡರ್‌ಗಳನ್ನು (ನೆಲದಿಂದ ಬಂದ ಸಂಕೇತವನ್ನು ಹಿಡಿದು ಮರಳಿ ಕಳುಹಿಸುವ ಸಾಧನಗಳನ್ನು) ಆರಿಸಬೇಕಾಯಿತು. ಟಿ.ವಿ. ವಾಹಿನಿಗಳು ಮಾಯವಾದದ್ದು ಆಗ ದೊಡ್ಡ ಸುದ್ದಿ. ಹಾಗೆ ಊನಗೊಂಡ ಉಪಗ್ರಹ ಗಡುವು ದಾಟಿ 14 ವರ್ಷಕ್ಕೂ ಹೆಚ್ಚು ಕಾಲ ಕಕ್ಷೆಯಲ್ಲಿ ಉಳಿದದ್ದು ಮಾತ್ರ ನನ್ನ ಕಣ್ಣಿಗೆ ಸುದ್ದಿಯಾಗಿ ಬೀಳಲಿಲ್ಲ. (ನಮ್ಮ ಮೊದಲ ಇನ್ಸಾಟ್, 1ಎ, 1982ರಲ್ಲಿ ಇಂಧನ ಬರಿದಾಗಿ ಐದೇ ತಿಂಗಳಲ್ಲಿ ಕೈಬಿಟ್ಟಿತ್ತು ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.)

2022ರ ಜನವರಿಯಲ್ಲಿ ಇನ್ಸಾಟ್-4ಬಿಯ ಎಂಜಿನ್‌ಗಳನ್ನು 11 ಬಾರಿ ಉರಿಸಿ, ಭೂಸ್ಥಿರ ಕಕ್ಷೆಗಿಂತ ಸುಮಾರು 340 ಕಿ.ಮೀ. ಮೇಲಕ್ಕೆ ಏರಿಸಿ, 24ರಂದು ಶಾಶ್ವತವಾಗಿ ಆರಿಸಲಾಯಿತು. ಮುಂದೆ ಸ್ಫೋಟಗೊಂಡು ಚೂರುಗಳು ಹರಡದಿರಲಿ ಎಂದು ಇಂಥ ಹೊತ್ತಿನಲ್ಲಿ ಅಳಿದುಳಿದ ಇಂಧನವನ್ನೂ ಹೊರಬಿಡುತ್ತಾರೆ. ಹೀಗೆ ಜಾಗ ತೆರವು ಮಾಡಿದ ಭಾರತದ 21ನೇ ಭೂಸ್ಥಿರ ಉಪಗ್ರಹ ಅದು. ಆ ಕೊನೆಯ ಏರಿಕೆಗೆ ಬೇಕಾಗುವ ಇಂಧನದಲ್ಲಿ ಉಪಗ್ರಹವನ್ನು ಇನ್ನೂ ಮೂರು ತಿಂಗಳು ದುಡಿಸಬಹುದಿತ್ತು. ದುಡಿಸದೆ ಉಳಿಸಿಟ್ಟದ್ದು ಮುಂದಿನ ಉಪಗ್ರಹಕ್ಕೆ ದಾರಿ ಬಿಡಲು. ಜಮೀನಿನ ಬದುವಿನ ವಿಷಯದಲ್ಲಿ ನಾವು ಇಷ್ಟು ಉದಾರಿಗಳಲ್ಲ.

ಇಂಥ ಉಪಗ್ರಹಗಳನ್ನು ವರ್ಷಗಟ್ಟಲೆ ಹಗಲಿರುಳು ಕಾಯುವ ಕೆಲಸ ನಡೆಯುವುದು ನಮ್ಮ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ. ಸಾಲಗಾಮೆ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವರು ಆ ಬಿಳಿಯ ಆಂಟೆನಾಗಳನ್ನು ನೋಡುತ್ತಾರೆ. ಒಳಗೆ ಏನು ನಡೆಯುತ್ತದೆ ಎಂದು ಕೇಳಿದರೆ ಹೆಚ್ಚಿನವರು ‘ರಾಕೆಟ್ ಬಿಡುತ್ತಾರೆ’ ಎನ್ನುತ್ತಾರೆ. ಮುಂದಿನ ಬಾರಿ ಉಪಗ್ರಹವೊಂದನ್ನು ನಿವೃತ್ತಿಗೊಳಿಸುವಾಗ ತಮ್ಮ ವರದಿಗಾರರು ಆ ಕೇಂದ್ರದವರನ್ನು ಮಾತನಾಡಿಸಲಿ. ಮುಖಪುಟವೇ ಬೇಕೆಂದಿಲ್ಲ, ಜಿಲ್ಲಾ ಪುಟದ ಮೂಲೆಯಾದರೂ ಸಾಕು.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಹಾಸನ