ಕೆಟ್ಟಿಲ್ಲದ ಕಂಪ್ಯೂಟರನ್ನ ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಈಚೆಗೆ ತುಮಕೂರಿನ ಗುಜರಿ ಅಂಗಡಿಗಳ ಮುಂದೆ ಕಂಪ್ಯೂಟರ್ ಡಬ್ಬಗಳು ಜಾಸ್ತಿ ಬಂದು ಬೀಳ್ತಾ ಇವೆ, ಅದರಲ್ಲಿ ಎಷ್ಟೋ ಕೆಟ್ಟೇ ಇಲ್ಲ. ತೊಂಬತ್ತರ ದಶಕದಲ್ಲಿ ಫ್ಲಾಪಿ ಹಾಕಿ ಡಾಸ್ ಕಲಿತ ಕಾಲದಿಂದ ಇವತ್ತಿನ ತನಕ ಕಂಪ್ಯೂಟರ್ ಅಂದ್ರೆ ಪ್ರಾಣ ಅನ್ನೋ ನನ್ನಂಥವನಿಗೆ ಇದನ್ನ ನೋಡ್ಕೊಂಡು ಸುಮ್ಮನಿರೋಕೆ ಆಗ್ತಿಲ್ಲ, ಅದಕ್ಕೇ ಈ ಪತ್ರ.

ಇದಕ್ಕೆ ಕಾರಣ ಇಷ್ಟೇ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನವರು ವಿಂಡೋಸ್ 10ಕ್ಕೆ ಸಪೋರ್ಟ್ ನಿಲ್ಲಿಸಿದ್ರು. ಹಾಗಂತ ಆವತ್ತಿಗೆ ಕಂಪ್ಯೂಟರ್ ಆಫ್ ಆಗಲಿಲ್ಲ, ಅದು ಇವತ್ತಿಗೂ ಆನ್ ಆಗುತ್ತೆ, ಆದರೆ ಅದಾದ ಮೇಲೆ ಪತ್ತೆಯಾಗೋ ಸೆಕ್ಯುರಿಟಿ ತೂತುಗಳನ್ನ ಯಾರೂ ತಾವಾಗಿ ಮುಚ್ಚಿಕೊಡ್ತಾ ಕೂರಲ್ಲ. ಸರಿ, ವಿಂಡೋಸ್ 11 ಹಾಕ್ಕೊಳೋಣ ಅಂದ್ರೆ ಅದಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ವ್ಯವಸ್ಥೆ ಮೆಷೀನಲ್ಲಿ ಇರಬೇಕು, ಇಂಟೆಲ್ ಆದ್ರೆ ಸಾಮಾನ್ಯವಾಗಿ 8ನೇ ಜನರೇಶನ್ ಪ್ರೊಸೆಸರ್ ಆದ್ರೂ ಇರಬೇಕು. ಅಂದ್ರೆ 2016ರಲ್ಲಿ ಒಳ್ಳೇ ದುಡ್ಡು ಕೊಟ್ಟು ತಗೊಂಡ 6ನೇ ಜನರೇಶನ್ ಐ5 ಮೆಷೀನು, ಒಳಗಡೆ ಒಂದು ಸ್ಕ್ರೂ ಸಡಿಲ ಆಗಿಲ್ಲ, ಅದು ಲೆಕ್ಕಕ್ಕಿಲ್ಲ. ಒಂದು ವರ್ಷ ಹೆಚ್ಚಿಗೆ, ಅಂದ್ರೆ 2026ರ ಅಕ್ಟೋಬರ್ ತನಕ ಅಪ್ಡೇಟ್ ಪಡೆಯೋಕೆ ಇಎಸ್‌ಯು ಅಂತ ಒಂದು ದಾರಿ ಇಟ್ಟಿದ್ದಾರೆ. ಆ ಗಡುವು ಮುಗಿದ ಮೇಲೆ ಏನು ಗತಿ?

ನಮ್ಮ ಬೀದಿಯ ಒಬ್ಬ ನಿವೃತ್ತ ಮೇಷ್ಟ್ರಿಗೆ ಅಂಗಡಿಯವರೊಬ್ಬರು ಹೇಳಿದ್ದು, ಇದು ಇನ್ನು ಪ್ರಯೋಜನ ಇಲ್ಲ ಸಾರ್, ಎಕ್ಸ್‌ಚೇಂಜಲ್ಲಿ ಕೊಟ್ಬಿಡಿ, ಹೊಸದು ತಗೊಳ್ಳಿ ಅಂತ. ಆ ಮೇಷ್ಟ್ರು ಕಂಪ್ಯೂಟರಲ್ಲಿ ಮಾಡೋದು ಪೇಪರ್ ಓದೋದು, ಯೂಟ್ಯೂಬಲ್ಲಿ ಸಂಗೀತ ಕೇಳೋದು, ಮೊಮ್ಮಕ್ಕಳ ಫೋಟೋ ಜೋಡಿಸಿ ಇಡೋದು, ಕನ್ನಡದಲ್ಲಿ ನಾಲ್ಕು ಪುಟ ಟೈಪ್ ಮಾಡೋದು. ಇಷ್ಟಕ್ಕೆ ಪಿಂಚಣಿ ದುಡ್ಡಲ್ಲಿ ಹೊಸ ಮೆಷೀನು ಯಾಕೆ ಬೇಕು ಹೇಳಿ. ನಮ್ಮ ಕಡೆ ಬೋರ್‌ವೆಲ್ ಮೋಟಾರು ಸುಟ್ಟೋದ್ರೆ ವೈಂಡಿಂಗ್ ಮಾಡಿಸ್ತೀವೇ ಹೊರತು ಹೊಸ ಬೋರ್ ಕೊರೆಸೋಕೆ ಹೋಗಲ್ಲ, ಇಲ್ಲಿ ಮೋಟಾರು ಸುಟ್ಟೂ ಇಲ್ಲ.

ಹಳೇ ಕಂಪ್ಯೂಟರ್ ಸ್ಲೋ ಅಂತಾರಲ್ಲ, ಹತ್ತರಲ್ಲಿ ಎಂಟು ಸಲ ಅದಕ್ಕೆ ಕಾರಣ ಪ್ರೊಸೆಸರ್ ಅಲ್ಲ, ಒಳಗೆ ತಿರುಗ್ತಾ ಇರೋ ಹಾರ್ಡ್ ಡಿಸ್ಕು. ಅದನ್ನ ತೆಗೆದು, ತಿರುಗೋ ಭಾಗ ಇಲ್ಲದ ವೇಗದ ಡಿಸ್ಕು, ಅಂದ್ರೆ ಒಂದು ಸಾಟಾ ಎಸ್‌ಎಸ್‌ಡಿ ಹಾಕಿ, ರ್‍ಯಾಮ್ 4 ಜಿಬಿ ಇದ್ರೆ 8 ಮಾಡಿ, ಆಮೇಲೆ ನೋಡಿ. ಆನ್ ಮಾಡಿ ಕಾಫಿ ಕುಡಿದು ಬರೋ ಅಷ್ಟು ಹೊತ್ತು ತಗೊಳ್ತಿದ್ದ ಮೆಷೀನು ಅರ್ಧ ನಿಮಿಷದಲ್ಲಿ ರೆಡಿ ಆಗಿರುತ್ತೆ. ಸ್ಕ್ರೂ ಡ್ರೈವರ್ ಹಿಡಿಯೋಕೆ ಬರೋ ಯಾರಾದ್ರೂ ಮಾಡಬಹುದಾದ ಕೆಲಸ ಇದು.

ಎಸ್‌ಎಸ್‌ಡಿ ಹಾಕಿದ ಮೇಲೆ ಅದರಲ್ಲಿ ಲಿನಕ್ಸ್ ಹಾಕ್ಕೊಳ್ಳಿ, ಅದು ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸೋ ಪುಕ್ಕಟೆ ವ್ಯವಸ್ಥೆ. ಈ ಹೆಸರು ಕೇಳಿದ್ರೇನೇ ಜನ ಹೆದರ್ತಾರೆ, ಕಪ್ಪು ಪರದೆ ಮೇಲೆ ಕಮಾಂಡ್ ಹೊಡೆಯೋ ಇಂಜಿನಿಯರುಗಳ ವಸ್ತು ಅಂತ. ನಿಮ್ಮ ಜೇಬಲ್ಲಿರೋ ಆಂಡ್ರಾಯ್ಡ್ ಫೋನಿನ ಒಳಗೆ ಓಡ್ತಾ ಇರೋದೂ ಲಿನಕ್ಸ್ ಕರ್ನಲ್ಲೇ, ಅಂದ್ರೆ ಅದರ ತಿರುಳೇ, ಅದಕ್ಕೆ ಯಾರೂ ಹೆದರಿಲ್ಲ. 1991ರಲ್ಲಿ ಫಿನ್ಲೆಂಡಿನಲ್ಲಿ ಲೀನಸ್ ಟೋರ್ವಾಲ್ಡ್ಸ್ ಅನ್ನೋ ವಿದ್ಯಾರ್ಥಿ ಶುರು ಮಾಡಿದ್ದು, ಇವತ್ತು ಜಗತ್ತಿನ ಸರ್ವರ್‌ಗಳಲ್ಲಿ ಬಹುಪಾಲು ಅದರ ಮೇಲೇ ನಡೀತಿವೆ. ಮನೆ ಬಳಕೆಗೆ ಲಿನಕ್ಸ್ ಮಿಂಟ್ ಅಂತ ಅದರದ್ದೇ ಒಂದು ಬಗೆ ಇದೆ, ನೋಡೋಕೆ ಹೆಚ್ಚುಕಡಿಮೆ ವಿಂಡೋಸ್ ಥರಾನೇ, ಕೆಳಗಡೆ ಎಡಕ್ಕೆ ಮೆನು, ಬಲಕ್ಕೆ ಗಡಿಯಾರ, ದುಡ್ಡು ಕೊಡೋ ಹಾಗಿಲ್ಲ, ಲೈಸೆನ್ಸ್ ಕೀ ಕೇಳಲ್ಲ, 22ನೇ ಆವೃತ್ತಿಗೆ 2029ರ ತನಕ ಅಪ್ಡೇಟ್ ಸಿಗುತ್ತೆ. ಸುಮಾರು 3 ಜಿಬಿ ಫೈಲು, ಡೌನ್‌ಲೋಡ್ ಮಾಡಿ ಒಂದು 8 ಜಿಬಿ ಪೆನ್‌ಡ್ರೈವಿಗೆ ಬರೆದ್ರೆ ಆಯ್ತು. ಇನ್ನೂ ಒಳ್ಳೇ ವಿಷಯ ಅಂದ್ರೆ ಆ ಪೆನ್‌ಡ್ರೈವಿಂದಲೇ ಬೂಟ್ ಮಾಡಿ, ಏನೂ ಇನ್‌ಸ್ಟಾಲ್ ಮಾಡದೇ, ಒಳಗಿರೋ ವಿಂಡೋಸನ್ನ ಮುಟ್ಟದೇ, ವೈಫೈ ಬರುತ್ತಾ ಸೌಂಡ್ ಬರುತ್ತಾ ಪ್ರಿಂಟರ್ ಹಿಡಿಯುತ್ತಾ ಅಂತ ನೋಡಬಹುದು. ಇಷ್ಟ ಆಗಲಿಲ್ಲವಾ, ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿ, ಹಳೇದು ಹಾಗೇ ಇರುತ್ತೆ.

ಎಲ್ಲರಿಗೂ ಇದೇ ಮದ್ದು ಅಂತ ನಾನು ಹೇಳಲ್ಲ. ಟ್ಯಾಲಿ ಇಟ್ಕೊಂಡು ವ್ಯಾಪಾರ ಮಾಡೋ ಮಂಡಿಯವರು, ಡಿಜಿಟಲ್ ಸಿಗ್ನೇಚರ್ ಡಾಂಗಲ್ ಚುಚ್ಚಿ ಟೆಂಡರ್ ಹಾಕೋ ಕಂಟ್ರಾಕ್ಟರುಗಳು ವಿಂಡೋಸಲ್ಲೇ ಇರಲಿ, ಅವರಿಗೆ ಹೊಸ ಮೆಷೀನು ಖರ್ಚಲ್ಲ, ಕಸುಬಿನ ಸಾಮಾನು. ಜೆರಾಕ್ಸ್ ಅಂಗಡಿಗಳಲ್ಲಿರೋ ಕೆಲವು ಹಳೇ ಲೇಸರ್ ಪ್ರಿಂಟರುಗಳಿಗೂ ಲಿನಕ್ಸಲ್ಲಿ ಡ್ರೈವರ್ ಕಷ್ಟ. ಮಿಕ್ಕವರಿಗೆ, ಅಂದ್ರೆ ಬ್ರೌಸರ್ ಬಿಟ್ಟು ಬೇರೆ ಏನನ್ನೂ ಜಾಸ್ತಿ ತೆರೆಯದ ಬಹಳಷ್ಟು ಮನೆಗಳಿಗೆ, ಧಾರಾಳವಾಗಿ ಸಾಕು.

ಈಗ ನನಗೆ ನಿಜವಾಗಿ ಹೊಟ್ಟೆ ಉರಿಯೋ ವಿಷಯಕ್ಕೆ ಬರ್ತೀನಿ. ಈ ಡಬ್ಬಗಳ ಜೊತೆ ಗುಜರಿಗೆ ಹೋಗ್ತಿರೋದು ಬರೀ ತಗಡು ಪ್ಲಾಸ್ಟಿಕ್ ಅಲ್ಲ, ಇಪ್ಪತ್ತೈದು ವರ್ಷದ ಕನ್ನಡ. 1998ರಲ್ಲಿ ಕನ್ನಡ ಟೈಪ್ ಮಾಡೋಕೆ ಶೇಷಾದ್ರಿ ವಾಸು ಅವರ 'ಬರಹ' ಸಾಫ್ಟ್‌ವೇರ್ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನವರ (ಕಗಪ) ಅಂಥದ್ದೇ 'ನುಡಿ' ಬಂತು, ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸದಿಂದ ನಮ್ಮಂಥವರ ಬೆರಳಿಗೆ ಕನ್ನಡ ಸಲೀಸಾಗಿ ಕೂತ್ಕೊಂಡ್ತು. ಆ ಕಾಲದಲ್ಲಿ ತಿಪಟೂರು, ಗುಬ್ಬಿ, ಶಿರಾ, ಮಧುಗಿರಿ ಎಲ್ಲಾ ಕಡೆ ಡಿಟಿಪಿ ಸೆಂಟರುಗಳಲ್ಲಿ ಎಷ್ಟು ಸ್ಮರಣ ಸಂಚಿಕೆ, ಎಷ್ಟು ಊರಿನ ಇತಿಹಾಸ, ಎಷ್ಟು ನಾಟಕದ ಪ್ರತಿ ಟೈಪ್ ಆಗಿಲ್ಲ! ಅವೆಲ್ಲ, ಪ್ರತಿ ಕನ್ನಡ ಅಕ್ಷರಕ್ಕೂ ಎಲ್ಲಾ ಕಂಪ್ಯೂಟರಲ್ಲೂ ಒಂದೇ ಕೋಡ್ ಇರೋ ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿವೆ. ಆ ಫೈಲಿನ ಒಳಗೆ ಇರೋದು ಇಂಗ್ಲಿಷ್ ಅಕ್ಷರದ ಕೋಡುಗಳೇ, ಅದರ ಮೇಲೆ ನುಡಿ ಫಾಂಟು ಕನ್ನಡದ ಚಿತ್ರ ತೋರಿಸುತ್ತೆ ಅಷ್ಟೇ. ಫಾಂಟ್ ಇಲ್ಲದ ಹೊಸ ಕಂಪ್ಯೂಟರಲ್ಲೋ ಮೊಬೈಲಲ್ಲೋ ತೆರೆದ್ರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಬರುತ್ತೆ, ಫೈಲ್ ಕರಪ್ಟ್ ಆಗಿದೆ ಅಂತ ಡಿಲೀಟ್ ಮಾಡ್ತಾರೆ. ದಯವಿಟ್ಟು ಮಾಡಬೇಡಿ. ಹಳೇ ನುಡಿ ಫೈಲನ್ನ ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕಗಳು ಪುಕ್ಕಟೆ ಸಿಗ್ತವೆ, ಪಠ್ಯ ಹಾಕಿದ್ರೆ ಬಹುತೇಕ ಸರಿಯಾಗಿ ಬರುತ್ತೆ, ಒತ್ತಕ್ಷರ ಅರ್ಕಾವೊತ್ತು ಕೆಲವು ಕಡೆ ತಪ್ಪುತ್ತೆ, ಅದನ್ನ ಕೂತು ತಿದ್ದಬೇಕು. ಒಮ್ಮೆ ಯೂನಿಕೋಡ್ ಆಯ್ತು ಅಂದ್ರೆ ಯಾವ ಮೆಷೀನಲ್ಲಾದ್ರೂ ಓದಬಹುದು, ಒಳಗೆ ಪದ ಹುಡುಕಬಹುದು. ಲಿನಕ್ಸಲ್ಲಿ ಕನ್ನಡಕ್ಕೆ ಕಷ್ಟ ಅಂತಲೂ ಯಾರೋ ಹಬ್ಬಿಸಿದ್ದಾರೆ, ಅದು ಸುಳ್ಳು. ಕೀಬೋರ್ಡ್ ಸೆಟ್ಟಿಂಗಲ್ಲೇ ಕಗಪ ವಿನ್ಯಾಸ ಇದೆ, ನುಡಿ ರೂಢಿ ಇರೋರು ಬೇಗ ಹೊಂದ್ಕೊಳ್ತಾರೆ, ಎಂಎಸ್ ಆಫೀಸ್ ಥರದ ಪುಕ್ಕಟೆ ಲಿಬ್ರೆ ಆಫೀಸಲ್ಲಿ ಪುಸ್ತಕವನ್ನೇ ಟೈಪ್ ಮಾಡಬಹುದು.

ಫೋಟೋ ಫೈಲು ಎಲ್ಲಾ ಕ್ಲೌಡಲ್ಲಿದೆ, ಹಳೇ ಡಿಸ್ಕ್ ಯಾಕೆ ಅನ್ನೋರಿಗೂ ಒಂದು ಮಾತು. ಇಂಟರ್ನೆಟ್ಟಲ್ಲಿ ಇಟ್ಟಿದ್ದು ಶಾಶ್ವತ ಅನ್ನೋ ನಂಬಿಕೆ ನನಗಿಲ್ಲ. ಜನ ಪುಕ್ಕಟೆಯಾಗಿ ವೆಬ್ ಪುಟ ಮಾಡ್ಕೊಳ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಫೇಸ್‌ಬುಕ್ ಥರದ ಆರ್ಕುಟ್ 2014ರ ಸೆಪ್ಟೆಂಬರಲ್ಲಿ, ಈಮೇಲ್ ಚರ್ಚೆಯ ಯಾಹೂ ಗ್ರೂಪ್ಸ್ 2020ರ ಡಿಸೆಂಬರಲ್ಲಿ. ಅಲ್ಲೆಲ್ಲ ಕನ್ನಡದವರು ರಾತ್ರಿಯೆಲ್ಲ ಕೂತು ವ್ಯಾಕರಣದ ಬಗ್ಗೆ, ಸಾಫ್ಟ್‌ವೇರ್ ಬಗ್ಗೆ, ತಮ್ಮ ಊರಿನ ಬಗ್ಗೆ ಬರೆದಿದ್ರು, ಪ್ರತಿ ಇಟ್ಕೊಂಡೋರ ಹತ್ತಿರ ಉಳಿದಿದೆ, ಇಲ್ಲದೋರ ಹತ್ತಿರ ಇಲ್ಲ. ಕ್ಲೌಡ್ ಬೇಡ ಅಂತಲ್ಲ, ನಾನೂ ಬಳಸ್ತೀನಿ, ಆದರೆ ಮನೇಲಿ ಒಂದು ಡಿಸ್ಕಲ್ಲಿ ಒಂದು ಪ್ರತಿ ಇರಲೇಬೇಕು, ಅದಕ್ಕೆ ಈ ಹಳೇ ಕಂಪ್ಯೂಟರಿಗಿಂತ ಒಳ್ಳೇ ಜಾಗ ಇಲ್ಲ.

ಶಾಲೆಗಳ ವಿಷಯ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸಲ್ಲೇ ಪಾಠ ನಡೀತಿದೆ, ಮಕ್ಕಳು ಅದನ್ನೇ ಕಲಿತು ದೊಡ್ಡೋರಾದ್ರು. ನಮ್ಮ ಜಿಲ್ಲೆಯಲ್ಲಿ ಲ್ಯಾಬಿನ ಕಂಪ್ಯೂಟರ್ ಹಳೇದಾಯ್ತು ಅಂತ ಬೀಗ ಹಾಕಿ ಇಟ್ಟಿರೋ ಶಾಲೆಗಳಿದ್ರೆ, ಹೊಸ ಅನುದಾನಕ್ಕೆ ಕಾಯೋ ಬದಲು ಇದ್ದಿದ್ದನ್ನ ಎಬ್ಬಿಸಬಹುದು. ತುಮಕೂರಲ್ಲಿ ಸಿದ್ಧಗಂಗಾ ಇನ್‌ಸ್ಟಿಟ್ಯೂಟ್ ಇದೆ, ವಿಶ್ವವಿದ್ಯಾಲಯ ಇದೆ, ಪಾಲಿಟೆಕ್ನಿಕ್ ಇದೆ, ಕಂಪ್ಯೂಟರ್ ಓದೋ ಹುಡುಗ ಹುಡುಗಿಯರಿಗೆ ಬರವಿಲ್ಲ. ಎನ್‌ಎಸ್‌ಎಸ್ ಕ್ಯಾಂಪಲ್ಲಿ ಗಿಡ ನೆಡ್ತಾರಲ್ಲ, ಅದರ ಜೊತೆ ಒಂದು ಶಾಲೆಯ ಲ್ಯಾಬ್ ರಿಪೇರಿ ಮಾಡಲಿ. ಪ್ರಾಂಶುಪಾಲರುಗಳು ಇದನ್ನ ಓದಿದ್ರೆ ದಯಮಾಡಿ ಯೋಚಿಸಬೇಕು.

ನಿಜವಾಗಲೂ ಸತ್ತೇ ಹೋಗಿರೋ ಮೆಷೀನ್ ಆದ್ರೆ ಕೊಡಿ, ಬೇಡ ಅನ್ನಲ್ಲ, ಆದರೆ ಕೊಡೋ ಮುಂಚೆ ಹಾರ್ಡ್ ಡಿಸ್ಕ್ ಬಿಚ್ಚಿ ಇಟ್ಕೊಳ್ಳಿ. ನಿಮ್ಮ ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟು, ಫೋಟೋ ಎಲ್ಲಾ ಅದರಲ್ಲಿರುತ್ತೆ, ಬರೀ ಡಿಲೀಟ್ ಒತ್ತಿದ್ರೆ ಹೋಗಲ್ಲ. ಮಿಕ್ಕಿದ್ದನ್ನ ಅಧಿಕೃತ ಇ-ತ್ಯಾಜ್ಯ ಸಂಗ್ರಹಿಸೋರಿಗೇ ಕೊಡಿ, ತಾಮ್ರಕ್ಕೋಸ್ಕರ ವೈರ್ ಸುಡೋರ ಕೈಗೆ ಕೊಟ್ರೆ ಆ ಹೊಗೆ ಕುಡಿಯೋದು ಅಲ್ಲಿನ ಕೂಲಿಯವರು, ಅವರ ಮಕ್ಕಳು.

ನಿಮ್ಮ ಪತ್ರಿಕೆ ವಾರಕ್ಕೊಂದು ಮೂಲೆಯಲ್ಲಿ, ಹೊಸ ಫೋನಿನ ವಿಮರ್ಶೆ ಹಾಕೋ ಜಾಗದಲ್ಲೇ, ಹಳೇ ಕಂಪ್ಯೂಟರ್ ಉಳಿಸಿಕೊಳ್ಳೋದು ಹೇಗೆ, ನುಡಿ ಫೈಲು ಬದಲಾಯಿಸೋದು ಹೇಗೆ ಅಂತ ಚಿತ್ರ ಸಮೇತ ಸರಳ ಕನ್ನಡದಲ್ಲಿ ಹಾಕಬೇಕು ಅಂತ ನನ್ನ ಕೋರಿಕೆ. ಬರೆದುಕೊಡೋಕೆ ನಾನು ರೆಡಿ ಇದ್ದೀನಿ, ಸಂಭಾವನೆ ಏನೂ ಬೇಡ.

ಇಂತಿ ನಿಮ್ಮ ಹಳೇ ಓದುಗ,
ಬಟವಾಡಿ, ತುಮಕೂರು